ಹಳೇ ಲ್ಯಾಪ್‌ಟಾಪ್‌ಗೆ ವೈಫೈ ವೇಗ ತಂದುಕೊಂಡ ಬಗೆ

ಮನೆಯ ಇಂಟರ್ನೆಟ್ ನಿಧಾನವಾದರೆ ಎಲ್ಲರೂ ಮೊದಲು ಬೈಯುವುದು ಸಂಪರ್ಕ ಕೊಟ್ಟವರನ್ನೇ. ನನ್ನ ಲ್ಯಾಪ್‌ಟಾಪ್ ವಿಷಯದಲ್ಲಿ ಆ ಬೈಗುಳಕ್ಕೆ ಆಧಾರವಿರಲಿಲ್ಲ. ಅದೇ ಮೇಜಿನ ಮೇಲೆ ಫೋನಿಟ್ಟು ಅಳೆದರೆ ಪ್ಲಾನಿನ 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಹತ್ತಿರ ಹತ್ತಿರ ಬರುತ್ತಿತ್ತು. ಲ್ಯಾಪ್‌ಟಾಪ್ ಮಾತ್ರ 20 ದಾಟಲು ಏದುಸಿರು ಬಿಡುತ್ತಿತ್ತು.

ಹೊಸ ರೂಟರ್ ತಗೊಳ್ಳಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಹಳೇ ಲ್ಯಾಪ್‌ಟಾಪ್ ಇರುವವರಿಗೆ ಅದು ಬಹಳ ಸಲ ದಂಡ. ಎರಡು ಕಡೆಯವರಿಗೂ ಬರುವ ಭಾಷೆಯಲ್ಲೇ ಮಾತು ನಡೆಯಬೇಕು. ರೂಟರ್ ಎಷ್ಟೇ ಹೊಸದಾದರೂ ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡಿಗೆ ಗೊತ್ತಿರುವಷ್ಟಕ್ಕೇ ಅದು ಇಳಿಯುತ್ತದೆ. ಹಾಗಾಗಿ ಏನನ್ನೂ ಕೊಳ್ಳುವ ಮುಂಚೆ ತಡೆ ಎಲ್ಲಿದೆ ಅಂತ ಹುಡುಕಿದೆ.

ಮೊದಲು ರೂಟರಿನಿಂದ ನೇರವಾಗಿ ಕೇಬಲ್ ಎಳೆದು ಲ್ಯಾಪ್‌ಟಾಪಿಗೆ ಚುಚ್ಚಿದೆ. 94 ಬಂತು. ಹಳೇ ಯಂತ್ರಗಳಲ್ಲಿ ಲ್ಯಾನ್ ಪೋರ್ಟ್ (ಈ ಕೇಬಲ್ ಚುಚ್ಚುವ ಕಿಂಡಿ) 100 ಎಂಬಿಪಿಎಸ್‌ನದೇ ಇರುವುದು ಸಾಮಾನ್ಯ. ಅದರಲ್ಲಿ ಕೈಗೆ ಸಿಗುವುದೇ ಅಷ್ಟು, ಅದು ದೋಷವಲ್ಲ. ಲೈನೂ ಸರಿ, ರೂಟರೂ ಸರಿ, ಪ್ರೊಸೆಸರಿಗೂ ಸುಸ್ತಾಗಿಲ್ಲ. ಇನ್ನುಳಿದದ್ದು ಗಾಳಿಯಲ್ಲಿನ ದಾರಿ ಮತ್ತು ಕಾರ್ಡು.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್' (netsh wlan show drivers) ಎಂದು ಕೇಳಿದರೆ ಕಾರ್ಡಿಗೆ ಯಾವ ಯಾವ ತಲೆಮಾರಿನ ವೈಫೈ ಬರುತ್ತದೆ ಅಂತ ಹೇಳುತ್ತದೆ. ನನ್ನದು ಬಿ, ಜಿ, ಎನ್‌ಗೇ ನಿಂತಿತ್ತು, ಅದೂ ವೈಫೈಯ ಎರಡು ತರಂಗಪಟ್ಟಿಗಳಾದ 2.4 ಮತ್ತು 5 ಗಿಗಾಹರ್ಟ್ಸ್ ಪೈಕಿ 2.4ರಲ್ಲಿ ಮಾತ್ರ, ಒಂದೇ ಆಂಟೆನಾ. ಇಂಥ ಕಾರ್ಡಿಗೆ 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಸಿಗುವ ಗರಿಷ್ಠ ಲಿಂಕ್ ವೇಗ, ಅಂದರೆ ಕಾರ್ಡು ಮತ್ತು ರೂಟರ್ ತಮ್ಮೊಳಗೆ ಒಪ್ಪಿಕೊಳ್ಳುವ ವೇಗ, 72 ಎಂಬಿಪಿಎಸ್. ವೈಫೈಯಲ್ಲಿ ಲಿಂಕ್ ವೇಗದ ಸುಮಾರು ಅರ್ಧ ಮಾತ್ರ ನಿಜವಾದ ಡೌನ್‌ಲೋಡ್ ಆಗಿ ಕೈಗೆ ಬರುತ್ತದೆ. ಅಂದರೆ ಏನೇ ಹರಸಾಹಸ ಮಾಡಿದರೂ 40ರ ಆಸುಪಾಸು. ಇಲ್ಲಿಗೆ ಲೆಕ್ಕ ಎರಡಾಯಿತು: 20ರಿಂದ 40ಕ್ಕೆ ಹೋಗುವುದು ಸೆಟ್ಟಿಂಗಿನ ಕೆಲಸ, 40ರ ಆಚೆ ಹೋಗುವುದು ಸ್ಕ್ರೂಡ್ರೈವರಿನ ಕೆಲಸ.

'ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್' (netsh wlan show interfaces) ಕೊಟ್ಟಾಗ ಸುಳಿವು ಸಿಕ್ಕಿತು. ರೂಟರಿನ ಪಕ್ಕದಲ್ಲೇ ಕೂತರೂ ಲಿಂಕ್ ವೇಗ 54ಕ್ಕೆ ಅಂಟಿಕೊಂಡಿತ್ತು. ದೂರದ ತೊಂದರೆಯಾಗಿದ್ದರೆ ಆ ಸಂಖ್ಯೆ ಏರಿಳಿಯಬೇಕಿತ್ತು. 54 ಎಂಬುದು 2003ರ ಜಿ ಮಾನದಂಡದ ಮೇಲ್ಮಿತಿ. ಎನ್ ಬಲ್ಲ ಕಾರ್ಡು ಜಿ ಆಗಿ ಯಾಕೆ ನಡೆದುಕೊಳ್ಳುತ್ತಿದೆ? ಅದೇ ಪಟ್ಟಿಯಲ್ಲಿ 'ಸೈಫರ್' ಎಂಬ ಸಾಲಿನ ಮುಂದೆ ಟಿಕೆಐಪಿ ಅಂತಿತ್ತು. ಇದು ಹಳೇ ಗೂಢಲಿಪಿ ವಿಧಾನ. 2009ರ ಎನ್ ಮಾನದಂಡದಲ್ಲಿ ಟಿಕೆಐಪಿ ಅಥವಾ ಅದಕ್ಕಿಂತ ಹಳೆಯ ಡಬ್ಲ್ಯೂಇಪಿ ಬಳಸಿದರೆ ಎನ್‌ನ ವೇಗಗಳಿಗೆ ಅವಕಾಶವಿಲ್ಲ. ರೂಟರಿನಲ್ಲಿ 2.4ಕ್ಕೂ 5 ಗಿಗಾಹರ್ಟ್ಸ್‌ಗೂ ಭದ್ರತೆಯ ಸೆಟ್ಟಿಂಗ್ ಬೇರೆ ಬೇರೆ. ಫೋನ್ 5ರಲ್ಲಿ ಕೂತು ಆರಾಮಾಗಿತ್ತು. 2.4ರ ಕಡೆ ಟಿಕೆಐಪಿಗಿಂತ ಹೊಸ ವಿಧಾನವಾದ ಡಬ್ಲ್ಯೂಪಿಎ2, ಎಇಎಸ್ ಆಯ್ದು ಸೇವ್ ಮಾಡಿದ್ದೇ ಲಿಂಕ್ 72ಕ್ಕೆ ಏರಿತು. ಕೆಲವು ರೂಟರುಗಳಲ್ಲಿ ಡಬ್ಲ್ಯೂಎಂಎಂ (ಧ್ವನಿ, ವಿಡಿಯೊಗೆ ಆದ್ಯತೆ ಕೊಡುವ ವ್ಯವಸ್ಥೆ) ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿದರೂ ಇದೇ 54ರ ಗೋಡೆ ಎದುರಾಗುತ್ತದೆ. ಈ ಎರಡನ್ನು ನೋಡದೆ ಬೂಸ್ಟರ್ ಕೊಳ್ಳಲು ಓಡುವವರನ್ನು ಕಂಡರೆ ಪಾಪ ಅನಿಸುತ್ತದೆ.

ಚಾನೆಲ್ ಕಥೆ ಚಿಕ್ಕದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ರೂಟರ್ ತಾನಾಗಿ 3ನ್ನು ಆರಿಸಿಕೊಂಡು 1ರವರ ಗದ್ದಲವನ್ನೂ 6ರವರ ಗದ್ದಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಫೋನಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ 11 ಖಾಲಿ ಕಂಡಿತು, ಅಲ್ಲಿಗೆ ಕಟ್ಟಿಹಾಕಿದೆ. ಅಗಲ 20 ಮೆಗಾಹರ್ಟ್ಸ್. ಅಕ್ಕಪಕ್ಕದ ಮನೆಗಳಲ್ಲಿ ವೈಫೈ ತುಂಬಿರುವಾಗ 2.4ರಲ್ಲಿ 40 ಮೆಗಾಹರ್ಟ್ಸ್ ಅಗಲಕ್ಕೆ ಆಸೆಪಡಬಾರದು.

ರೂಟರ್ ಟಿವಿಯ ಹಿಂದೆ, ಕಬ್ಬಿಣದ ಬೀರು ಪಕ್ಕ, ನೆಲಮಟ್ಟದಲ್ಲಿತ್ತು. ಅದನ್ನು ಮನೆಯ ನಡುವಿನ ಪಡಸಾಲೆಯಲ್ಲಿ ಎತ್ತರದ ಶೆಲ್ಫಿಗೆ ಏರಿಸಿದೆ. ಮೇಜಿನ ಬಳಿ ಸಿಗ್ನಲ್ ಮೈನಸ್ 76 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ) ಇದ್ದದ್ದು ಮೈನಸ್ 62ಕ್ಕೆ ಬಂತು. ನೋಡಲು 14ರ ವ್ಯತ್ಯಾಸ, ಆದರೆ 3 ಡಿಬಿಗೊಮ್ಮೆ ಶಕ್ತಿ ಇಮ್ಮಡಿಯಾಗುವುದರಿಂದ ಇದು ಸುಮಾರು 25 ಪಟ್ಟು. ಆಂಟೆನಾ ಕಡ್ಡಿಯ ತುದಿಯನ್ನು ಲ್ಯಾಪ್‌ಟಾಪ್ ಕಡೆಗೆ ಗುರಿ ಹಿಡಿಯಬೇಡಿ. ತುದಿಯ ದಿಕ್ಕಿನಲ್ಲೇ ಅಲೆ ಅತಿ ದುರ್ಬಲ. ನೆಟ್ಟಗೆ ನಿಲ್ಲಿಸಿದರೆ ಸುತ್ತಲೂ ಹರಡುತ್ತದೆ.

ಒಂದು ವಿಚಿತ್ರ ಉಳಿದಿತ್ತು. ಹೊರಗಿನ ಹಾರ್ಡ್ ಡಿಸ್ಕಿಗೆ ಫೈಲ್ ಕಾಪಿ ಮಾಡುವಾಗಲೆಲ್ಲ ವೈಫೈ ಕುಸಿಯುತ್ತಿತ್ತು, ವೈರ್‌ಲೆಸ್ ಮೌಸ್ ಕೂಡ ತಡವರಿಸುತ್ತಿತ್ತು. ಯುಎಸ್‌ಬಿ 3.0 ಕೇಬಲ್ ಮತ್ತು ಕನೆಕ್ಟರುಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಹೊರಡಿಸುತ್ತವೆ ಎಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ. ಡಿಸ್ಕನ್ನು ದೂರ ಸರಿಸಿ, ಕವಚ ಚೆನ್ನಾಗಿರುವ ಕೇಬಲ್ ಹಾಕಿದ ಮೇಲೆ ಕಾಟ ಬಹುಪಾಲು ತಗ್ಗಿತು. ಜೊತೆಗೆ ಪವರ್ ಆಪ್ಷನ್ಸ್‌ನಲ್ಲಿ ವೈರ್‌ಲೆಸ್ ಅಡಾಪ್ಟರನ್ನು 'ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್'ಗೆ ಇಟ್ಟೆ. ರೂಟರಿಗೆ ಪಿಂಗ್ ಕೊಟ್ಟರೆ (ಚಿಕ್ಕ ಸಂದೇಶ ಕಳಿಸಿ ಉತ್ತರ ಬರುವ ಸಮಯ ಅಳೆದರೆ) ಆ ಸಮಯ ಬೇಕಾಬಿಟ್ಟಿ ಜಿಗಿಯುತ್ತಿದ್ದದ್ದು ಇದರಿಂದ ನಿಂತಿತು.

ಇಷ್ಟಾದ ಮೇಲೆ ವೇಗ 40. ಲೆಕ್ಕ ಹೇಳಿದ್ದೂ ಅದನ್ನೇ. ಇನ್ನು ಸ್ಕ್ರೂಡ್ರೈವರ್.

ತಳದ ಮುಚ್ಚಳ ತೆಗೆದರೆ ಅರ್ಧ ಅಳತೆಯ ಮಿನಿ ಪಿಸಿಐಇ ಕಾರ್ಡು ಕಂಡಿತು. ಈಗಿನ ಕಾರ್ಡುಗಳು ಎಂ.2 ಆಕಾರದವು, ಈ ಸ್ಲಾಟಿಗೆ ನೇರ ಕೂರುವುದಿಲ್ಲ. ಆಂಟೆನಾ ತಂತಿಯ ಗುಂಡಿಯೂ ಅವುಗಳಲ್ಲಿ ಇನ್ನೂ ಚಿಕ್ಕದು. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ (ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶದಲ್ಲಿ) ಒಪ್ಪಿತ ಕಾರ್ಡುಗಳ ಪಟ್ಟಿಯೇ ಇರುತ್ತದೆ, ಪಟ್ಟಿಯಲ್ಲಿಲ್ಲದ ಕಾರ್ಡು ಹಾಕಿದರೆ ಯಂತ್ರ ಬೂಟ್ ಆಗಲೂ ಒಲ್ಲೆ ಅನ್ನುತ್ತದೆ. ಇದನ್ನು ಮಾದರಿಯ ಹೆಸರಿನೊಂದಿಗೆ ಹುಡುಕಿ ಖಚಿತಪಡಿಸಿಕೊಂಡೇ ಕೊಳ್ಳಬೇಕು. ನಾನು ಮಿನಿ ಪಿಸಿಐಇಯಲ್ಲೇ ಸಿಗುವ ಎನ್ ನಂತರದ ಎಸಿ ತಲೆಮಾರಿನ, ಎರಡು ಆಂಟೆನಾದ ಇಂಟೆಲ್ 7260 ಹಾಕಿದೆ. ಪುಣ್ಯಕ್ಕೆ ಎರಡನೇ ಆಂಟೆನಾ ತಂತಿ ಒಳಗೆ ಟೇಪು ಸುತ್ತಿಕೊಂಡು ಸುಮ್ಮನೆ ಬಿದ್ದಿತ್ತು. ಗುಂಡಿಗಳನ್ನು ಉಗುರಿನಿಂದ ನೆಟ್ಟಗೆ ಮೇಲಕ್ಕೆತ್ತಿ ಬಿಡಿಸಬೇಕು, ತಂತಿ ಹಿಡಿದು ಎಳೆದರೆ ಕಿತ್ತುಬರುತ್ತದೆ. ಬ್ಯಾಟರಿ ಮೊದಲೇ ಕಳಚಿರಬೇಕು ಅಂತ ಬೇರೆ ಹೇಳಬೇಕಿಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಲಿಂಕ್ 866 ತೋರಿಸಿತು, ಪ್ಲಾನಿನ 100 ಪೂರ್ತಿ ಬಂತು. ಬಿಚ್ಚಲು ಅಂಜುವವರಿಗೆ ಯುಎಸ್‌ಬಿ ಅಡಾಪ್ಟರ್ ಸಾಕು. ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಲ್ಯಾಪ್‌ಟಾಪಿನಿಂದ ಸ್ವಲ್ಪ ದೂರ ಇಟ್ಟರೆ ಇನ್ನೂ ಒಳ್ಳೆಯದು.

ಹಿಂದಿನ ಕೋಣೆಗೆ 5 ಗಿಗಾಹರ್ಟ್ಸ್ ತಲುಪಲಿಲ್ಲ. ನಡುವೆ ಎರಡು ಗೋಡೆ. ಒಂದೇ ರೇಡಿಯೊದ ರಿಪೀಟರ್ (ಸಿಗ್ನಲ್ ಹಿಡಿದು ಮುಂದೆ ಹರಡುವ ಪೆಟ್ಟಿಗೆ) ಕೇಳಿದ್ದನ್ನೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಅದರ ಬದಲು ಗೋಡೆಯ ಅಂಚಿಗೆ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಓಡಿಸಿ, ಮೂಲೆ ಸೇರಿದ್ದ ಡ್ಯುಯಲ್ ಬ್ಯಾಂಡ್ ರೂಟರೊಂದನ್ನು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಕೆಲಸವಷ್ಟೇ ಮಾಡುವ ಪೆಟ್ಟಿಗೆ, ಮಾಡಿದೆ. ಮುಖ್ಯ ರೂಟರಿನ ವಿಳಾಸ 192.168.1.1 ಆದ್ದರಿಂದ ಇದಕ್ಕೆ 192.168.1.2 ಕೊಟ್ಟು, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಇಂಟರ್ನೆಟ್ ಲೈನಿನ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿದೆ. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ, ಚಾನೆಲ್ ಮಾತ್ರ ಬೇರೆ.

ಹಿಂದಿನ ಕೋಣೆಗೆ ಬಂದರೂ ಲ್ಯಾಪ್‌ಟಾಪ್ ಪಡಸಾಲೆಯ ರೂಟರನ್ನೇ ತಬ್ಬಿಕೊಂಡಿರುತ್ತಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಅಡ್ವಾನ್ಸ್‌ಡ್ ಪುಟದೊಳಗೆ 'ರೋಮಿಂಗ್ ಅಗ್ರೆಸಿವ್‌ನೆಸ್' ಒಂದು ಮೆಟ್ಟಿಲು ಏರಿಸಿದ ಮೇಲೆ ಬಿಟ್ಟು ಹಿಡಿಯುವುದನ್ನು ಕಲಿತಿತು. ತೀರಾ ಮೇಲಿನ ಮೆಟ್ಟಿಲಿಗೆ ಏರಿಸಿದರೆ ಎರಡರ ನಡುವೆ ಸುಮ್ಮಸುಮ್ಮನೆ ಓಡಾಡುತ್ತದೆ, ವಿಡಿಯೊ ಮೀಟಿಂಗಿನ ಮಧ್ಯೆ ಅದು ಬೇಡ.