ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿನ ಪೋಷಣೆ: ಮನೆಯವರು ಮತ್ತು ವಾರ್ಡಿನವರು ಮಾಡಬೇಕಾದದ್ದು

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಕಡಿಮೆ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಪ್ರಮಾಣ ಶೇ. 30ನ್ನೂ ಮುಟ್ಟುವುದಿಲ್ಲ. ರೋಗ ತಡವಾಗಿ ಪತ್ತೆಯಾಗುವುದು, ಔಷಧಿ ಸಿಗದಿರುವುದು, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು ಇವೆಲ್ಲ ಕಾರಣಗಳೇ. ಅವುಗಳ ಸಾಲಿನಲ್ಲಿ ಅಪೌಷ್ಟಿಕತೆಯೂ ಇದೆ, ಮತ್ತು ಮನೆಯವರ ಕೈಗೆ ಎಟುಕುವ ಕಾರಣವೆಂದರೆ ಬಹುಮಟ್ಟಿಗೆ ಇದೊಂದೇ. ಗ್ವಾಟೆಮಾಲಾದಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳನ್ನು ಗಮನಿಸಿದಾಗ, ಚಿಕಿತ್ಸೆಯ ಮೊದಲ ಆರು ತಿಂಗಳಲ್ಲಿ ಮೈ ಹಿಡಿದ ಮಕ್ಕಳು ಹಾಗೆಯೇ ಸೊರಗಿ ಉಳಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದದ್ದು ಕಂಡುಬಂದಿದೆ. ಆದ್ದರಿಂದ ಮಗು ಸೊರಗಿದ ಮೇಲೆ ನೋಡೋಣ ಎಂದು ಕಾಯದೆ, ರೋಗ ಪತ್ತೆಯಾದ ವಾರದಿಂದಲೇ ಊಟವನ್ನೂ ಚಿಕಿತ್ಸೆಯ ಭಾಗವೆಂದು ನಡೆಸಬೇಕು.

ಮೊದಲ ಕೆಲಸ ಅಳತೆ. ತೂಕವೊಂದನ್ನೇ ನಂಬಬಾರದು, ಹೊಟ್ಟೆಯಲ್ಲಿ ದೊಡ್ಡ ಗಡ್ಡೆಯಿದ್ದರೆ ಅಥವಾ ನೀರು ತುಂಬಿದ್ದರೆ ಕೈಕಾಲು ಕಡ್ಡಿಯಾಗಿದ್ದರೂ ತಕ್ಕಡಿ ವಯಸ್ಸಿಗೆ ತಕ್ಕ ತೂಕವನ್ನೇ ತೋರಿಸಬಹುದು. ಅಂಥಲ್ಲಿ ತೋಳಿನ ಸುತ್ತಳತೆ ಹೆಚ್ಚು ನಿಜ ಹೇಳುತ್ತದೆ. ಮಗುವಿನ ಎಡಗೈಯನ್ನು ಮೊಣಕೈಯಲ್ಲಿ ಮಡಿಸಿ, ಭುಜದ ತುದಿಯ ಮೂಳೆಗೂ ಮೊಣಕೈ ತುದಿಗೂ ನಡುವಿನ ಬಿಂದುವನ್ನು ಪೆನ್ನಿನಿಂದ ಗುರುತಿಸಿ, ಅನಂತರ ಕೈಯನ್ನು ಸಡಿಲವಾಗಿ ಇಳಿಬಿಡಿಸಿ, ಚರ್ಮ ಒತ್ತದಂತೆಯೂ ನಡುವೆ ಸಂದು ಉಳಿಯದಂತೆಯೂ ಟೇಪು ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಅಳತೆ 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ದೊಡ್ಡ ಮಕ್ಕಳಲ್ಲಿ ಅವರದೇ ಹಿಂದಿನ ಅಳತೆಯೊಂದಿಗೆ ಹೋಲಿಸುತ್ತಾ ಹೋಗಬೇಕು. ಪ್ರತಿ ಭೇಟಿಯಲ್ಲೂ ಅಳೆದು ಚಿಕಿತ್ಸೆಯ ಪುಸ್ತಕದಲ್ಲೇ ಬರೆಸಿಕೊಳ್ಳಿ.

ತೀವ್ರವಾಗಿ ಸೊರಗಿದ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಅಪಾಯಕರ. ಬಹುದಿನ ಉಪವಾಸವಿದ್ದ ದೇಹಕ್ಕೆ ಆಹಾರ ಹಠಾತ್ತನೆ ಸಿಕ್ಕಾಗ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಇಂಥ ಮಗುವಿನ ಮೊದಲ ದಿನಗಳ ಆಹಾರವನ್ನು ಆಸ್ಪತ್ರೆಯಲ್ಲಿ, ವೈದ್ಯರ ನಿಗಾದಲ್ಲಿ, ಸ್ವಲ್ಪಸ್ವಲ್ಪವೇ ಏರಿಸಬೇಕು.

ಉಳಿದ ಮಕ್ಕಳ ವಿಷಯದಲ್ಲಿ ಕಷ್ಟವಿರುವುದು ಏನು ಕೊಡಬೇಕೆಂಬುದಕ್ಕಿಂತ, ಮಗು ಒಲ್ಲೆನೆಂದಾಗ ಹೇಗೆ ಕೊಡಬೇಕೆಂಬುದರಲ್ಲಿ. ಮೂರು ಹೊತ್ತಿನ ಊಟದ ನಿಯಮವನ್ನು ಬದಿಗಿಟ್ಟು, ಎಚ್ಚರವಿರುವಾಗ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಕೊಡಿ. ತಿನ್ನುವ ಪ್ರಮಾಣ ಹೆಚ್ಚದಿದ್ದರೆ ತಿನ್ನುವುದರ ಸತ್ವ ಹೆಚ್ಚಿಸಬೇಕು: ಒಂದು ಚಮಚ ಎಣ್ಣೆ ಸುಮಾರು 45 ಕಿಲೋಕ್ಯಾಲರಿ ಕೊಡುತ್ತದೆ, ಬಟ್ಟಲಿನ ಗಾತ್ರವನ್ನು ಮಾತ್ರ ಹೆಚ್ಚಿಸುವುದಿಲ್ಲ. ಮೊಟ್ಟೆ, ಬೇಳೆ, ಹಾಲಿನ ಪುಡಿ, ಅರೆದ ಕಡಲೆಕಾಯಿ ಇವು ದುಬಾರಿ ಪೌಷ್ಟಿಕ ಪುಡಿಗಳ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತವೆ. ಡಬ್ಬಿ ಕೊಳ್ಳಲು ಸಾಲ ಮಾಡುವ ಅಗತ್ಯವಿಲ್ಲ. ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆ, ಮೊಟ್ಟೆ ಉಷ್ಣ ಎಂದೆಲ್ಲ ಹೇಳುವ ನೆಂಟರಿಷ್ಟರ ಪಥ್ಯಗಳು ಈಗಾಗಲೇ ಸೊರಗಿದ ಮಗುವಿನ ತಟ್ಟೆಯನ್ನು ಇನ್ನಷ್ಟು ಬರಿದು ಮಾಡುತ್ತವೆ. ವೈದ್ಯರು ಹೇಳದ ಪಥ್ಯ ಬೇಡ.

ಕೀಮೋ ಕೊಡುವ ದಿನ ಮಗುವಿನ ಅಚ್ಚುಮೆಚ್ಚಿನ ತಿನಿಸನ್ನು ಕೊಡಬೇಡಿ. ಮುದ್ದಿಗೆಂದು ಕೊಟ್ಟ ತಿನಿಸು ವಾಂತಿಯೊಂದಿಗೆ ಮನಸ್ಸಿನಲ್ಲಿ ಗಂಟುಬಿದ್ದು, ಮುಂದೆ ತಿಂಗಳುಗಟ್ಟಲೆ ಅದರ ವಾಸನೆಯೂ ಆಗದಂತಾಗಬಹುದು. ವಾಂತಿ ತಡೆಯುವ ಔಷಧಿಯನ್ನು ವಾಂತಿ ಶುರುವಾಗುವ ಮೊದಲೇ ಕೊಡುವಂತೆ ನರ್ಸ್ ಅವರನ್ನು ಕೇಳಿಕೊಳ್ಳಿ. ಬಾಯಿಹುಣ್ಣಾದಾಗ ಖಾರ, ಹುಳಿ ಮತ್ತು ಗರಿಗರಿ ತಿನಿಸುಗಳನ್ನು ನಿಲ್ಲಿಸಿ, ಮೆತ್ತಗಿನ, ತಣ್ಣಗಿನ ಆಹಾರ ಕೊಡಿ. ನೋವಿನ ಔಷಧಿ ಹಾಕಿ ಅರ್ಧ ಗಂಟೆಯ ಮೇಲೆ ಉಣಿಸಿದರೆ ನುಂಗುವುದು ಸುಲಭ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಪಡೆಯುವ ಮಕ್ಕಳಿಗೆ ಮಲಬದ್ಧತೆ ಸಾಮಾನ್ಯ. ಆಗ ನೀರು, ಹಣ್ಣು ಮತ್ತು ವೈದ್ಯರು ಬರೆದ ಔಷಧಿಯೇ ದಾರಿ, ಎನಿಮಾವನ್ನು ಮನೆಯಲ್ಲಿ ಖಂಡಿತ ಕೊಡಬಾರದು. ಸ್ಟಿರಾಯ್ಡ್ ನಡೆಯುವ ವಾರಗಳಲ್ಲಿ ಮಗು ರಾತ್ರಿ ಎದ್ದು ಊಟ ಕೇಳುವಷ್ಟು ಹಸಿಯುತ್ತದೆ, ಮುಖ ಊದಿಕೊಳ್ಳುತ್ತದೆ. ಇದನ್ನು ಪುಷ್ಟಿಯೆಂದು ತಿಳಿಯಬೇಡಿ. ಒಳಗೆ ಸ್ನಾಯು ಕರಗುತ್ತಿರಬಹುದು. ಉಪ್ಪು, ಸಿಹಿ ಕಡಿಮೆ ಮಾಡಿ ಬೇಳೆ, ಮೊಟ್ಟೆ ಹೆಚ್ಚಿಸಿ.

ಬಿಳಿ ರಕ್ತಕಣಗಳು ಕಡಿಮೆಯಾದಾಗ ಹಣ್ಣು ತರಕಾರಿಗಳನ್ನೆಲ್ಲ ನಿಷೇಧಿಸುವ ರೂಢಿ ಹಲವೆಡೆ ಇದೆ. ಅಷ್ಟು ಕಟ್ಟುನಿಟ್ಟಿಗಿಂತ ಶುಚಿತ್ವವೇ ಮುಖ್ಯ: ಸೋಪಿನಿಂದ ತೊಳೆದ ಕೈ, ಕುದಿಸಿ ಆರಿಸಿದ ನೀರು, ಚೆನ್ನಾಗಿ ಬೆಂದ ಮೊಟ್ಟೆ ಮಾಂಸ, ಕಾಯಿಸಿದ ಹಾಲು, ತೊಳೆದು ಸಿಪ್ಪೆ ಸುಲಿದ ಹಣ್ಣು. ಮಾಡಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಬಿಸಿಲ ಕಾಲದಲ್ಲಿ ಒಂದೇ ಗಂಟೆ. ವಿಟಮಿನ್ ಟಾನಿಕ್, ಗಿಡಮೂಲಿಕೆ ಯಾವುದನ್ನೂ ಕೇಳದೆ ಕೊಡಬೇಡಿ; ಮೆಥೋಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೆಲಸ ಮಾಡುವುದೇ ವಿಟಮಿನ್ ಆದ ಫೋಲೇಟ್‌ಗೆ ಅಡ್ಡಬರುವ ಮೂಲಕ, ಹೀಗಿರುವಾಗ ಅದೇ ವಿಟಮಿನ್ನಿನ ರೂಪವಾದ ಫೋಲಿಕ್ ಆಮ್ಲವಿರುವ ಟಾನಿಕ್ ಆ ಔಷಧಿಯ ಎದುರಾಳಿಯಾಗಬಹುದು.

ಇಷ್ಟಾದರೂ ಕೆಲವು ದಿನಗಳಿಂದ ಮಗು ಅರ್ಧ ಊಟವನ್ನೂ ಮಾಡುತ್ತಿಲ್ಲ, ಅಳತೆಯೂ ಇಳಿಯುತ್ತಿದೆ ಎಂದಾದರೆ ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ನಳಿಕೆಯ ಬಗ್ಗೆ ನೀವೇ ವೈದ್ಯರನ್ನು ಕೇಳಿ. ನಳಿಕೆ ಹಾಕಿದರೆಂದರೆ ಮಗು ಕೈತಪ್ಪಿಹೋಯಿತೆಂದು ಹೆದರುವವರಿದ್ದಾರೆ. ನಿಜವಾಗಿ ಅದು ಬಾಯಿಗೆ ಬಿಡುವು ಕೊಟ್ಟು ಹೊಟ್ಟೆಗೆ ಆಹಾರ ಮುಟ್ಟಿಸುವ ತಾತ್ಕಾಲಿಕ ದಾರಿ, ಮತ್ತು ಪ್ರತಿ ತುತ್ತಿಗೂ ತಾಯಿ ಮಗು ನಡೆಸುವ ಜಗಳವನ್ನೂ ಅದು ನಿಲ್ಲಿಸುತ್ತದೆ. ಮನೆಗೆ ಹೋಗುವ ಮೊದಲು ನಳಿಕೆ ಹೊಟ್ಟೆಯಲ್ಲೇ ಇದೆಯೆಂದು ಪರೀಕ್ಷಿಸುವುದು, ಮಗುವಿನ ತಲೆಭಾಗ ಎತ್ತರಿಸಿ ನಿಧಾನವಾಗಿ ಆಹಾರ ಹಾಕುವುದು, ಕೊನೆಗೆ ಕುದಿಸಿ ಆರಿಸಿದ ನೀರಿನಿಂದ ನಳಿಕೆ ತೊಳೆಯುವುದು ಇವನ್ನು ನರ್ಸ್ ಎದುರಿನಲ್ಲಿ ಸ್ವತಃ ಮಾಡಿ ತೋರಿಸಿ, ಸರಿಯಿದೆ ಎನಿಸಿಕೊಂಡೇ ಹೊರಡಿ.