ಸಿಗಡಿ ಸುಕ್ಕ ತುಂಬಿದ ರಿಸ್ಸೋಲ್

ಅರ್ಧಚಂದ್ರಾಕಾರದ ಪೋರ್ಚುಗೀಸ್ ತಿಂಡಿಯಾದ ರಿಸ್ಸೋಲ್‌ಗೆ ಹಾಲಿನ ಗಟ್ಟಿ ಸಾಸ್‌ನೊಡನೆ ಸಿಗಡಿ ತುಂಬುವ ರೂಢಿಯಿದೆ. ಅದರ ಬದಲು ಮಂಗಳೂರಿನ ಸುಕ್ಕ ತುಂಬಿದರೆ ರುಚಿ ಗಾಢವಾಗುತ್ತದೆಂಬುದು ನನ್ನ ಅನುಭವ. ಕಾಲು ಕಿಲೋ ಸಿಗಡಿಯ ಸಿಪ್ಪೆ ಹಾಗೂ ಬೆನ್ನಿನ ಕಪ್ಪು ನರ ತೆಗೆದು ಸಣ್ಣಗೆ ಹೆಚ್ಚಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಹುಣಸೆಹಣ್ಣು ಅರೆದ ಮಸಾಲೆಯಲ್ಲಿ ಬೇಯಿಸಿ, ಕೊನೆಗೆ ತೆಂಗಿನತುರಿ ಸೇರಿಸಿ, ಬಾಣಲೆಯ ತಳದಲ್ಲಿ ನೀರಿನ ಪಸೆ ಉಳಿಯದಂತೆ ಬಾಡಿಸಿ ಪೂರ್ತಿ ಆರಿಸಬೇಕು. ಪಸೆ ಉಳಿದರೆ ಅಂಚು ಬಿಚ್ಚಿ ಎಣ್ಣೆ ಸಿಡಿಯುತ್ತದೆ.

ಒಂದು ಲೋಟ ನೀರಿಗೆ ಉಪ್ಪು, ಬೆಣ್ಣೆ ಹಾಕಿ ಕುದಿಸಿ, ಅಷ್ಟೇ ಮೈದಾ ಒಮ್ಮೆಲೇ ಸುರಿದು, ಹಿಟ್ಟು ತಳ ಬಿಡುವವರೆಗೆ ಮಗುಚಿ, ಬೆಚ್ಚಗಿರುವಾಗಲೇ ನಾದಬೇಕು. ಲಟ್ಟಿಸಿ, ಹೂರಣವಿಟ್ಟು, ಕರ್ಜಿಕಾಯಿಯಂತೆ ಮಡಚಿ ಅಂಚು ಒತ್ತಿದ ಮೇಲೆ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯ ಬದಲು ನಮ್ಮ ಮೀನು ಫ್ರೈಯಂತೆ ಸಣ್ಣ ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿಯಬೇಕು.