ಬೇರಿಂಗ್ ತಣ್ಣಗಿತ್ತು, ಫೋನ್ ಮಾತ್ರ ಬಡಿದುಕೊಳ್ಳುತ್ತಿತ್ತು

ರಾತ್ರಿ ಎರಡೂವರೆಗೆ, ಮಿಲ್ಲಿನ ಮಷೀನು ಕಾಯಲು ನಾನು ಕೂರಿಸಿದ ಎಐನಿಂದ ಮೆಸೇಜ್ ಬಂತು: 'ಬ್ಲೋವರ್ ಬೇರಿಂಗ್ 85 ಡಿಗ್ರಿ.' ಲುಂಗಿಯಲ್ಲೇ ಬೈಕ್ ಹತ್ತಿ ಮಿಲ್ಲಿಗೆ ಓಡಿದೆ. ಬೇರಿಂಗ್ ಮುಟ್ಟಿದರೆ ತಣ್ಣಗಿತ್ತು. ಕರೆಂಟ್ ಹೋಗಿ ಆಗಷ್ಟೇ ಬಂದಿತ್ತು, ಮಿಲ್ ಇನ್ನೂ ಶುರುವೇ ಆಗಿರಲಿಲ್ಲ. ನಮ್ಮ ಫಿಟ್ಟರ್ ನಕ್ಕ. 'ನಿಮ್ಮ ಎಐಗೇ ಜ್ವರ ಬಂದಿರಬೇಕು ಸರ್' ಎಂದ.

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನ ಎಲೆಕ್ಟ್ರಿಕಲ್ ಕೆಲಸ ನನ್ನದು. ಸುಗ್ಗಿಯಲ್ಲಿ ಸೋನಾ ಮಸೂರಿ ಲಾರಿಗಳು ಗೇಟಿನಾಚೆ ಸಾಲುಗಟ್ಟಿದಾಗ ಒಂದು ಬೇರಿಂಗ್ ಜಾಮ್ ಆದರೂ ಇಡೀ ಲೈನ್ ನಿಲ್ಲುತ್ತದೆ. ಒಂದು ಸಲ ಹಾಗೇ ಆಯಿತು. ಆಗ ಬೈಸಿಕೊಂಡ ಮೇಲೆ, ಬೇರಿಂಗ್ ಕೆಡುವ ಮುಂಚೆಯೇ ಎಚ್ಚರಿಸುವ ಈ ಎಐಗೆ ಕೈ ಹಾಕಿದೆ. ಇಎಸ್‌ಪಿ32 ಎಂಬ ಸಣ್ಣ ವೈಫೈ ಬೋರ್ಡ್, ಅದುರಾಟ ಅಳೆಯಲು ಎಡಿಎಕ್ಸ್‌ಎಲ್345, ಬಿಸಿ ಅಳೆಯಲು ಡಿಎಸ್18ಬಿ20. ವೈಫೈ ಮೂಲಕ ಅಂಕಿಗಳು ಆಫೀಸಿನ ಹಳೇ ಕಂಪ್ಯೂಟರಿಗೆ ಬರುತ್ತವೆ. ಅಲ್ಲಿ ಮಾಮೂಲಿಗಿಂತ ಬೇರೆಯಾದ ಅಂಕಿ ಹುಡುಕುವ ಐಸೊಲೇಶನ್ ಫಾರೆಸ್ಟ್ ಎಂಬ ಮಾಡೆಲ್ ಕೂತಿದೆ.

2008ರಲ್ಲಿ ಬಂದ ವಿಧಾನ ಅದು. ಡೇಟಾವನ್ನು ಕಣ್ಣುಮುಚ್ಚಿ ಕತ್ತರಿಸುತ್ತಾ ಹೋಗುತ್ತದೆ. ಗುಂಪಿನ ನಡುವಿನ ಅಂಕಿಯನ್ನು ಒಂಟಿ ಮಾಡಲು ತುಂಬಾ ಸಲ ಕತ್ತರಿಸಬೇಕು. ಗುಂಪಿಗೆ ಸೇರದ್ದು ಕೆಲವೇ ಏಟಿಗೆ ಬೇರೆಯಾಗುತ್ತದೆ. ಕೆಟ್ಟ ಬೇರಿಂಗ್ ಹೇಗಿರುತ್ತದೆ ಎಂದು ಕಲಿಸಬೇಕಾಗಿಲ್ಲ. ನನಗೆ ಬೇಕಾಗಿದ್ದೂ ಅದೇ. ವರ್ಷಕ್ಕೆ ಎರಡೋ ಮೂರೋ ಬೇರಿಂಗ್ ಕೆಡುವ ಮಿಲ್ಲಿನಲ್ಲಿ ಕೆಟ್ಟದ್ದರ ಡೇಟಾ ಎಲ್ಲಿಂದ ತರೋದು?

ಆ 85ರ ಗುಟ್ಟು ಡೇಟಾಶೀಟ್‌ನಲ್ಲೇ ಇತ್ತು, ನಾನೇ ಓದಿರಲಿಲ್ಲ. ಡಿಎಸ್18ಬಿ20ಗೆ ಕರೆಂಟ್ ಬಂದ ಕೂಡಲೇ, ಇನ್ನೂ ಏನೂ ಅಳೆಯದಿರುವಾಗ, ಅದರೊಳಗೆ ಇರುವ ಅಂಕಿಯೇ 85. ವೈರ್ ಕಿತ್ತುಹೋದರೆ ಸೆನ್ಸರ್ ಓದಲು ನಾನು ಬಳಸಿದ ರೆಡಿಮೇಡ್ ಕೋಡ್ (ಲೈಬ್ರರಿ) -127 ಕೊಡುತ್ತದೆ. ಹೆಗ್ಗಣದ ಕೃಪೆಯಿಂದ ಅದನ್ನೂ ನೋಡಿದೆ. ಮೊದಲ ತಿಂಗಳು ಬಂದ ಅಲರ್ಟುಗಳಲ್ಲಿ ಜಾಸ್ತಿ ಪಾಲು ಮಷೀನಿನದ್ದಲ್ಲ, ಸೆನ್ಸರಿನದ್ದೇ ಕಾಯಿಲೆ. ಈಗ ಅಂಥ ಅಂಕಿಗಳು ಮಾಡೆಲ್‌ಗೆ ಹೋಗುವ ಮುಂಚೆಯೇ ನಿಲ್ಲುತ್ತವೆ, 'ಸೆನ್ಸರ್ ನೋಡಿ' ಎಂಬ ಬೇರೆ ಮೆಸೇಜ್ ಬರುತ್ತದೆ. ಅದಕ್ಕೆ ರಾತ್ರಿ ಏಳೋದಿಲ್ಲ.

ಇನ್ನೊಂದು ತಲೆನೋವು ಲೋಡ್. ಭತ್ತ ತುಂಬಿ ಓಡುವಾಗ ಕಲಿತ ಮಾಡೆಲ್‌ಗೆ ಖಾಲಿ ಓಡುವ ಮಷೀನೇ ವಿಚಿತ್ರವಾಗಿ ಕಂಡಿತು. ಮೋಟಾರ್ ವೈರಿಗೆ ಕರೆಂಟ್ ಅಳೆಯುವ ಕ್ಲಾಂಪ್ ಹಾಕಿ, ಆಂಪಿಯರನ್ನೂ ಮಾಡೆಲ್‌ಗೆ ಕೊಟ್ಟೆ. ಸುಳ್ಳು ಅಲರ್ಟ್ ತಟ್ಟನೆ ಇಳಿದವು. ಸೆನ್ಸರನ್ನು ತಗಡಿನ ಕವರಿನಿಂದ ತೆಗೆದು, ಪೇಂಟ್ ಕೆರೆದು, ಬೇರಿಂಗ್ ಹೌಸಿಂಗ್ ಮೇಲೇ ಕೂರಿಸಿದ್ದೂ ಅಷ್ಟೇ ಕೆಲಸ ಮಾಡಿತು. ತಗಡು ಸುಮ್ನೆ ತನ್ನ ಪಾಡಿಗೆ ಅದುರುತ್ತಿರುತ್ತದೆ ಅಲ್ವಾ?

ಆಮೇಲೆ ಒಂದು ದಿನ ಅದೇ ಬ್ಲೋವರ್. ಬಿಸಿ ಮಾಮೂಲಿ, ಅದುರಾಟ ಮಾತ್ರ ದಿನಾ ಸ್ವಲ್ಪ ಸ್ವಲ್ಪ ಏರುತ್ತಿತ್ತು. ಶಾಫ್ಟ್ ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24. ಬೇರಿಂಗ್‌ನಲ್ಲಿ 8 ಗುಂಡು. ಹೊರಬಳೆಯಲ್ಲಿ ಗಾಯವಾದರೆ ಸುತ್ತು, ಗುಂಡು ಎರಡನ್ನೂ ಗುಣಿಸಿ ಅದರ 0.4 ಪಾಲಿನಷ್ಟು ಏಟು ಬೀಳುತ್ತದೆ, ಹೆಚ್ಚುಕಮ್ಮಿ ಸೆಕೆಂಡಿಗೆ 77. ಅದುರಾಟ ಸೆಕೆಂಡಿಗೆ ಎಷ್ಟು ಸಲ ಎಂದು ಬಿಡಿಸಿ ತೋರಿಸುವ ಗ್ರಾಫ್ ತೆಗೆದರೆ 77ರ ಹತ್ತಿರವೇ ಮುಳ್ಳಿನಂತೆ ಒಂದು ಗೆರೆ ಎದ್ದಿತ್ತು. ಫಿಟ್ಟರ್ ಸ್ಕ್ರೂಡ್ರೈವರ್ ತುದಿ ಹೌಸಿಂಗ್‌ಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟ. 'ಏನಿಲ್ಲ, ಚೆನ್ನಾಗಿದೆ' ಎಂದ. ಐದನೇ ದಿನ ಅವನೇ ಬಂದು 'ಕರಕರ ಅಂತಿದೆ' ಎಂದ. ಲೋಡ್ ಇಲ್ಲದ ಹೊತ್ತು ನೋಡಿ ಬಿಚ್ಚಿದೆವು. ಹೊರಬಳೆಯಲ್ಲಿ ಜೋಳದ ಕಾಳಿನಷ್ಟು ಚಕ್ಕೆ ಎದ್ದಿತ್ತು.

ಆದರೆ ಇನ್ನೆಷ್ಟು ದಿನ ಓಡುತ್ತದೆ ಎಂದು ಮಾಲೀಕರು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕೊನೇತನಕ ಕೆಡಲು ಬಿಟ್ಟ ಬೇರಿಂಗ್‌ಗಳ ಲೆಕ್ಕ ಇದ್ದರೆ ತಾನೇ ದಿನ ಹೇಳೋದು? ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಮೇಲಿನ ಸೆನ್ಸರ್ ತೆಗೆದೇ ಹಾಕಿದೆ. ರಬ್ಬರ್ ರೋಲ್ ಸವೆದಂತೆಲ್ಲ ಅದರ ಅದುರಾಟ ಬದಲಾಗುತ್ತದೆ, ರೋಲ್ ಬದಲಿಸಿದಾಗಲೆಲ್ಲ ಮಾಡೆಲ್ ಗಾಬರಿಯಾಗುತ್ತದೆ. ಫಿಟ್ಟರ್ ಈಗ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದಾನೆ. ಯಾವ ದಿನ ರೋಲ್ ಬದಲಾಯಿತು, ಯಾವಾಗ ಗ್ರೀಸ್ ಹಾಕಿದ, ಎಲ್ಲ ಬರೆಯುತ್ತಾನೆ. ಮುಂದಿನ ಬೆಳೆ ಹೊತ್ತಿಗೆ ಅದನ್ನೇ ಕಂಪ್ಯೂಟರಿಗೆ ಏರಿಸಿ ಹಲ್ಲರ್‌ಗೆ ಮತ್ತೆ ಸೆನ್ಸರ್ ಕೂರಿಸಬೇಕು. ಅವನ ಅಕ್ಷರ ಓದೋದೇ ಕಷ್ಟ.